ಮಂಕಾಗುತ್ತಿರುವ ಒಂದು ಚುಕ್ಕೆಯನ್ನು ಓದುವುದು: ಗಾಮಾ ಕಿರಣ ಸ್ಫೋಟಗಳ ಉಳಿಬೆಳಕಿನ ಲೆಕ್ಕ

ಒಂದು ಚುಕ್ಕೆ, ಅಷ್ಟೇ. ಎಷ್ಟು ದೊಡ್ಡ ದೂರದರ್ಶಕ ಇಟ್ಟು ನೋಡಿದರೂ ಅದು ಚುಕ್ಕೆಯೇ. ನಿನ್ನೆ ಅಲ್ಲಿ ಇರಲಿಲ್ಲ. ಇವತ್ತು ಇದೆ. ದಿನ ಕಳೆದಂತೆ ಮಂಕಾಗುತ್ತಾ ಹೋಗುತ್ತದೆ. ಖಗೋಳ ವಿಜ್ಞಾನಿಗಳು ಅದರ ಬೆಳಕನ್ನು ಗಂಟೆಗೊಮ್ಮೆ, ದಿನಕ್ಕೊಮ್ಮೆ ಅಳೆದು ಬರೆದಿಡುತ್ತಾರೆ. ಆಮೇಲೆ ಹೇಳುತ್ತಾರೆ: ಇಲ್ಲಿಂದ ಒಂದು ಜೆಟ್, ಅಂದರೆ ಪದಾರ್ಥದ ಕಿರಿದಾದ ಧಾರೆ, ಚಿಮ್ಮಿದೆ, ಅದು ಇಷ್ಟು ಡಿಗ್ರಿ ಅಗಲ ಇದೆ, ಅದರಲ್ಲಿ ಇಷ್ಟು ಶಕ್ತಿ ಇದೆ, ಅದರ ಸುತ್ತ ಪ್ರತಿ ಘನ ಸೆಂಟಿಮೀಟರಿನಲ್ಲಿ ಸುಮಾರು ಒಂದು ಪರಮಾಣು ಇದೆ. ಆಕಾರವೇ ಕಾಣದ ಚುಕ್ಕೆಯಿಂದ ಇಷ್ಟೆಲ್ಲ ಹೇಗೆ ಗೊತ್ತಾಯಿತು? ನನಗೆ ಖಗೋಳ ವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಪ್ರಶ್ನೆ ಇನ್ನೊಂದಿಲ್ಲ. ಉತ್ತರವನ್ನು ಗಣಿತ ಜಾಸ್ತಿ ಇಲ್ಲದೆ, ಆದರೆ ಲೆಕ್ಕವನ್ನು ಬಿಟ್ಟುಕೊಡದೆ ಹೇಳಲು ಪ್ರಯತ್ನಿಸುತ್ತೇನೆ.

ಗಾಮಾ ಕಿರಣ ಸ್ಫೋಟ ಅಂದರೆ ಆಕಾಶದ ಯಾವುದೋ ಮೂಲೆಯಿಂದ ಇದ್ದಕ್ಕಿದ್ದಂತೆ ಬರುವ ಗಾಮಾ ಕಿರಣಗಳ ಹೊಡೆತ. ಕೆಲವು ಒಂದು ಸೆಕೆಂಡ್ ಕೂಡ ಇರುವುದಿಲ್ಲ. ಕೆಲವು ನಿಮಿಷಗಟ್ಟಲೆ ಇರುತ್ತವೆ. ಎರಡು ಸೆಕೆಂಡಿಗಿಂತ ಉದ್ದದವು ಬಹುಪಾಲು ದೊಡ್ಡ ನಕ್ಷತ್ರವೊಂದರ ತಿರುಳು ಕುಸಿದಾಗ ಹುಟ್ಟುತ್ತವೆ. ಅದಕ್ಕಿಂತ ಚಿಕ್ಕವು ಬಹುಪಾಲು ಎರಡು ನ್ಯೂಟ್ರಾನ್ ತಾರೆಗಳು (ಸತ್ತ ದೊಡ್ಡ ನಕ್ಷತ್ರಗಳ ಅತಿ ದಟ್ಟ ತಿರುಳುಗಳು) ಒಂದಕ್ಕೊಂದು ಸುತ್ತುತ್ತಾ ಬಂದು ಡಿಕ್ಕಿ ಹೊಡೆದಾಗ. ಎರಡೂ ಕಡೆ ಕೊನೆಗೆ ಆಗುವುದು ಒಂದೇ. ನಡುವೆ ಒಂದು ಕಪ್ಪುಕುಳಿಯೋ, ಕಾಂತಬಲ ವಿಪರೀತ ಇರುವ ನ್ಯೂಟ್ರಾನ್ ತಾರೆಯೋ ಉಳಿಯುತ್ತದೆ. ಅದರಿಂದ ಎದುರುಬದುರು ದಿಕ್ಕಿನಲ್ಲಿ ಎರಡು ಕಿರಿದಾದ ಜೆಟ್‌ಗಳು ಚಿಮ್ಮುತ್ತವೆ. ಅವುಗಳಲ್ಲಿ ಒಂದು ನಮ್ಮ ಕಡೆ ಮುಖ ಮಾಡಿದ್ದರೆ ನಮಗೆ ಸ್ಫೋಟ ಕಾಣುತ್ತದೆ.

ಇಂಥ ಹೊಡೆತವನ್ನು ಮೊದಲು ಹಿಡಿದದ್ದು ಅಮೆರಿಕದ ವೇಲಾ ಉಪಗ್ರಹಗಳು, 1967ರ ಜುಲೈ 2ರಂದು. ಯಾರಾದರೂ ಬಾಹ್ಯಾಕಾಶದಲ್ಲಿ ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ಮಾಡುತ್ತಾರಾ ಎಂದು ಕಾಯಲು ಹಾರಿಸಿದ್ದ ಉಪಗ್ರಹಗಳು ಅವು. ಸುದ್ದಿ ಹೊರಬಂದದ್ದು 1973ರಲ್ಲಿ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಕಾಲು ಶತಮಾನ ಒಂದೇ ತೊಡಕು. ಹೊಡೆತ ಬರುತ್ತದೆ, ಮುಗಿಯುತ್ತದೆ, ಆಮೇಲೆ ನೋಡಿದರೆ ಅಲ್ಲಿ ಏನೂ ಇಲ್ಲ. ಗಾಮಾ ಕಿರಣದ ಉಪಕರಣಗಳು ದಿಕ್ಕನ್ನು ಸರಿಯಾಗಿ ಹೇಳುತ್ತಿರಲಿಲ್ಲ. ಹಾಗಾಗಿ ಇವು ನಮ್ಮ ಗ್ಯಾಲಕ್ಸಿಯ ಆಸುಪಾಸಿನವೋ, ವಿಶ್ವದ ಆಚೆ ತುದಿಯವೋ ಅನ್ನುವುದೇ ತೀರ್ಮಾನವಾಗಿರಲಿಲ್ಲ.

1997ರ ಫೆಬ್ರವರಿ 28ರಂದು ಅದು ಬದಲಾಯಿತು. ಇಟಲಿ ಮತ್ತು ನೆದರ್‌ಲ್ಯಾಂಡ್ಸ್ ಸೇರಿ ನಡೆಸುತ್ತಿದ್ದ ಬೆಪ್ಪೊಸ್ಯಾಕ್ಸ್ ಉಪಗ್ರಹ ಒಂದು ಸ್ಫೋಟವನ್ನು ಹಿಡಿಯಿತು. ಸುಮಾರು 8 ಗಂಟೆ ಬಿಟ್ಟು ಅದರ ಎಕ್ಸ್‌-ಕಿರಣ ದೂರದರ್ಶಕವನ್ನು ಆ ಕಡೆ ತಿರುಗಿಸಿದಾಗ ಒಂದು ಹೊಸ ಚುಕ್ಕೆ ಕಂಡಿತು. ಕೆಲವು ದಿನಗಳಲ್ಲಿ ಅದು ಮಂಕಾಯಿತು. ಕಣ್ಣಿಗೆ ಕಾಣುವ ಬೆಳಕಿನಲ್ಲೂ ಅದೇ ಜಾಗದಲ್ಲಿ ಆರುತ್ತಿರುವ ಚುಕ್ಕೆ ಸಿಕ್ಕಿತು. ಇದನ್ನೇ ಆಫ್ಟರ್‌ಗ್ಲೋ ಅನ್ನುತ್ತಾರೆ. ನಾನು ಇಲ್ಲಿ ಉಳಿಬೆಳಕು ಅನ್ನುತ್ತೇನೆ, ಯಾಕೆಂದರೆ ಸ್ಫೋಟ ಮುಗಿದ ಮೇಲೆ ಉಳಿಯುವ ಬೆಳಕು ಅದು. ಸ್ಫೋಟಕ್ಕೆ ಹೆಸರು ಅದರ ದಿನಾಂಕದಿಂದಲೇ ಬರುತ್ತದೆ: ಜಿಆರ್‌ಬಿ (ಗಾಮಾ ರೇ ಬರ್ಸ್ಟ್) 970228, ಅಂದರೆ 97ನೇ ಇಸವಿ, 2ನೇ ತಿಂಗಳು, 28ನೇ ತಾರೀಖು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪೀಟರ್ ಮೆಸಾರೋಷ್ ಮತ್ತು ಮಾರ್ಟಿನ್ ರೀಸ್ ಅನ್ನುವ ಇಬ್ಬರು ಇಂಥ ಉಳಿಬೆಳಕು ಇರಲೇಬೇಕು, ಅದು ಹೀಗೆ ಹೀಗೆ ಇಳಿಯಬೇಕು ಎಂದು ಅದು ಕಾಣುವ ಮೊದಲೇ ಲೆಕ್ಕ ಹಾಕಿದ್ದರು. ಅಂದರೆ ಈ ಮಾದರಿ ಕಂಡದ್ದಕ್ಕೆ ತಕ್ಕಂತೆ ಆಮೇಲೆ ಹೊಲಿದ ಅಂಗಿ ಅಲ್ಲ. ಅದು ಮೊದಲೇ ಪಣಕ್ಕೆ ನಿಂತಿತ್ತು.

ತನ್ನದೇ ಬೆಳಕಿನ ಬೆನ್ನು ಹತ್ತಿದ ಜೆಟ್

ಮಾದರಿಯ ಮೊದಲ ತುಂಡು ತುಂಬಾ ಸರಳ. ಜೆಟ್ ಹೊರಗೆ ಓಡುತ್ತದೆ. ಅದರ ದಾರಿಯಲ್ಲಿ ಅನಿಲ ಇದೆ, ತುಂಬಾ ತೆಳುವಾದ ಅನಿಲ. ಜೆಟ್ ಅದನ್ನು ಗುಡಿಸಿಕೊಂಡು ಹೋಗುತ್ತದೆ. ಗುಡಿಸಿದಷ್ಟೂ ಭಾರ ಜಾಸ್ತಿಯಾಗುತ್ತದೆ, ವೇಗ ತಗ್ಗುತ್ತದೆ. ಮುಂಭಾಗದಲ್ಲಿ ಒಂದು ಆಘಾತ ಅಲೆ ಏಳುತ್ತದೆ. ಆ ಅಲೆಗೆ ಸಿಕ್ಕಿ ಕಾದ ಅನಿಲವೇ ಉಳಿಬೆಳಕನ್ನು ಹೊರಸೂಸುವುದು. ಮೊದಲ ಗಾಮಾ ಹೊಡೆತ ಜೆಟ್‌ನ ಒಳಗಿನ ಗಲಾಟೆ. ಉಳಿಬೆಳಕು ಜೆಟ್ ಮತ್ತು ಹೊರಗಿನ ಅನಿಲದ ನಡುವಿನ ಗುದ್ದಾಟ. ಈ ವ್ಯತ್ಯಾಸ ನೆನಪಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ತೊಡಕು ಇರುವುದು ವೇಗದಲ್ಲಿ. ಜೆಟ್ ಶುರುವಾಗುವಾಗ ಬೆಳಕಿನ ವೇಗದ 99.995 ಶೇಕಡಾ, ಕೆಲವು ಸಲ ಅದಕ್ಕಿಂತಲೂ ಜಾಸ್ತಿ ವೇಗದಲ್ಲಿ ಇರುತ್ತದೆ. ಇಷ್ಟೆಲ್ಲ ಒಂಬತ್ತುಗಳನ್ನು ಬರೆಯುವ ಬದಲು ಲೊರೆಂಟ್ಸ್ ಅಂಶ ಅನ್ನುವ ಒಂದು ಸಂಖ್ಯೆಯನ್ನು ಬಳಸುತ್ತಾರೆ. ನಿಂತ ವಸ್ತುವಿಗೆ ಅದು 1. ಬೆಳಕಿನ ವೇಗದ 99.995 ಶೇಕಡಾ ವೇಗಕ್ಕೆ ಅದು 100. ಈ ಸ್ಫೋಟಗಳಲ್ಲಿ ಅದು ನೂರರಿಂದ ಸಾವಿರದವರೆಗೆ ಇರುತ್ತದೆ.

ಇಷ್ಟು ವೇಗ ಇದ್ದರೆ ಸಮಯ ವಿಚಿತ್ರವಾಗಿ ಕುಗ್ಗುತ್ತದೆ. ಜೆಟ್ ಹೊರಟ ಕ್ಷಣದಲ್ಲಿ ಒಂದು ಬೆಳಕಿನ ಕಣವೂ ನಮ್ಮ ಕಡೆ ಹೊರಟಿತು ಅಂದುಕೊಳ್ಳಿ. ಜೆಟ್ ಅದರ ಬೆನ್ನಿಗೇ ಓಡಿಬರುತ್ತಿದೆ. ಜೆಟ್ ಒಂದು ಲಕ್ಷ ಕೋಟಿ ಕಿಲೋಮೀಟರ್ ದೂರ ಬಂದ ಮೇಲೆ ಇನ್ನೊಂದು ಬೆಳಕಿನ ಕಣವನ್ನು ಬಿಡುತ್ತದೆ. ಅಷ್ಟು ದೂರ ಸಾಗಲು ಬೆಳಕಿಗೇ 38 ದಿನಕ್ಕಿಂತ ಜಾಸ್ತಿ ಬೇಕು. ಆದರೆ ಜೆಟ್ ಬೆಳಕಿಗಿಂತ ಸ್ವಲ್ಪವೇ ಸ್ವಲ್ಪ ಹಿಂದೆ ಇದೆ. ಲೊರೆಂಟ್ಸ್ ಅಂಶ 100 ಆಗಿದ್ದರೆ ಈ ಎರಡು ಕಣಗಳು ನಮಗೆ ತಲುಪುವ ನಡುವಿನ ಅಂತರ ಬರೀ 170 ಸೆಕೆಂಡಿನ ಹತ್ತಿರ. ಅಲ್ಲಿ ಒಂದೂಕಾಲು ತಿಂಗಳಿನ ಕಥೆ, ನಮ್ಮ ಗಡಿಯಾರದಲ್ಲಿ ಮೂರು ನಿಮಿಷವೂ ಇಲ್ಲ. ಉಳಿಬೆಳಕಿನ ಪ್ರತಿ ಲೆಕ್ಕದ ಹಿಂದೆಯೂ ಈ ಕುಗ್ಗುವಿಕೆ ಕೂತಿರುತ್ತದೆ.

ಜೆಟ್ ಯಾವಾಗ ನಿಧಾನವಾಗಲು ಶುರುಮಾಡುತ್ತದೆ? ತನ್ನಷ್ಟೇ ಭಾರದ ಅನಿಲವನ್ನು ಗುಡಿಸಿದ ಮೇಲೆ ಎಂದು ಅನಿಸುವುದು ಸಹಜ. ಹಾಗಲ್ಲ. ಲೊರೆಂಟ್ಸ್ ಅಂಶ 100 ಇದ್ದರೆ ತನ್ನ ಭಾರದ ನೂರನೇ ಒಂದು ಪಾಲು ಗುಡಿಸಿದರೂ ಸಾಕು. ಯಾಕೆಂದರೆ ಆ ವೇಗದಲ್ಲಿ ಗುಡಿಸಿಕೊಂಡ ಪ್ರತಿ ಪರಮಾಣುವೂ ಬಿಸಿಯಾಗಿ ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಶಕ್ತಿಯನ್ನು ಜೆಟ್‌ನಿಂದ ಹೀರುತ್ತದೆ. ಒಮ್ಮೆ ನಿಧಾನವಾಗಲು ಶುರುವಾದರೆ ಆಮೇಲಿನ ಇಳಿಕೆಗೆ ಒಂದು ಖಚಿತ ನಿಯಮ ಇದೆ. ಅದನ್ನು ರೋಜರ್ ಬ್ಲ್ಯಾಂಡ್‌ಫರ್ಡ್ ಮತ್ತು ಕ್ರಿಸ್ಟೋಫರ್ ಮ್ಯಾಕೀ 1976ರಲ್ಲೇ ಕೊಟ್ಟಿದ್ದರು, ಉಳಿಬೆಳಕು ಸಿಗುವ ಎರಡು ದಶಕ ಮೊದಲು. ಸುತ್ತಲಿನ ಅನಿಲ ಎಲ್ಲ ಕಡೆ ಒಂದೇ ಸಾಂದ್ರತೆ ಇದ್ದರೆ, ನಮ್ಮ ಗಡಿಯಾರದಲ್ಲಿ ಸಮಯ ಹತ್ತುಪಟ್ಟಾದಾಗ ಲೊರೆಂಟ್ಸ್ ಅಂಶ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತದೆ. ಜೆಟ್ ಎಲ್ಲಿಂದ ಬಂತು, ಶುರುವಿನಲ್ಲಿ ಹೇಗಿತ್ತು ಅನ್ನುವ ನೆನಪು ಅಳಿಸಿಹೋಗುತ್ತದೆ. ಒಟ್ಟು ಶಕ್ತಿ ಎಷ್ಟು, ಎದುರಿಗೆ ಅನಿಲ ಎಷ್ಟು, ಇವೆರಡೇ ಲೆಕ್ಕಕ್ಕೆ ಬರುತ್ತವೆ. ಈ ಮರೆವು ನಮಗೆ ಒಂದು ವರ. ಇದು ಇಲ್ಲದಿದ್ದರೆ ಉಳಿಬೆಳಕಿನ ಮಾದರಿ ಕೈಗೆ ಸಿಗುತ್ತಲೇ ಇರಲಿಲ್ಲ.

ಇದೆಲ್ಲ ಕಲ್ಪನೆಯಲ್ಲ ಅಂತ ಹೇಗೆ ಗೊತ್ತು? 1997ರ ಮೇ 8ರ ಸ್ಫೋಟ ಉತ್ತರ ಕೊಟ್ಟಿತು. ಅದರ ವರ್ಣಪಟಲದಿಂದ ಕೆಂಪುಪಲ್ಲಟ, ಅಂದರೆ ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನ ಕಡೆ ಜರುಗಿದ ಪ್ರಮಾಣ, 0.835 ಎಂದು ಗೊತ್ತಾಯಿತು. ಆ ಬೆಳಕು ಹೊರಟು ಸುಮಾರು 700 ಕೋಟಿ ವರ್ಷ ಆಗಿತ್ತು. ದೂರದ ಜಗಳ ಅಲ್ಲಿಗೆ ಮುಗಿಯಿತು. ಅದೇ ಸ್ಫೋಟದ ರೇಡಿಯೊ ಉಳಿಬೆಳಕು ಮೊದಲ ಕೆಲವು ವಾರ ಮಿನುಗುತ್ತಿತ್ತು, ಆಮೇಲೆ ಮಿನುಗು ನಿಂತಿತು. ನಕ್ಷತ್ರಗಳು ಮಿನುಗುತ್ತವೆ, ಗ್ರಹಗಳು ಮಿನುಗುವುದಿಲ್ಲ ಅಲ್ವಾ? ಗ್ರಹದ ಬಿಂಬ ದೊಡ್ಡದು, ಅದಕ್ಕೆ. ಇಲ್ಲಿ ಮಿನುಗಿಸುತ್ತಿದ್ದದ್ದು ನಮ್ಮ ಗ್ಯಾಲಕ್ಸಿಯ ಅನಿಲ. ಮಿನುಗು ನಿಂತಿತು ಅಂದರೆ ಮೂಲ ದೊಡ್ಡದಾಯಿತು ಎಂದರ್ಥ. ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿದರೆ ಬಂದದ್ದು ಸುಮಾರು ಒಂದು ಲಕ್ಷ ಕೋಟಿ ಕಿಲೋಮೀಟರ್. ಕೆಲವೇ ವಾರದಲ್ಲಿ ಅಷ್ಟು ಹಿಗ್ಗಬೇಕಾದರೆ ಅದು ಬೆಳಕಿನ ವೇಗಕ್ಕೆ ತೀರಾ ಹತ್ತಿರ ಓಡಲೇಬೇಕು.

ಎಲೆಕ್ಟ್ರಾನ್‌ಗಳ ಪಾಲು

ಜೆಟ್ ನಿಧಾನವಾಗುತ್ತದೆ, ಸರಿ. ಬೆಳಕು ಎಲ್ಲಿಂದ? ಆಘಾತ ಅಲೆ ಎಲೆಕ್ಟ್ರಾನ್‌ಗಳನ್ನು ಹಿಡಿದು ಜೋರಾಗಿ ಎಸೆಯುತ್ತದೆ. ಅಲ್ಲೇ ಕಾಂತಕ್ಷೇತ್ರವೂ ಬೆಳೆಯುತ್ತದೆ. ಕಾಂತಕ್ಷೇತ್ರದಲ್ಲಿ ವೇಗದ ಎಲೆಕ್ಟ್ರಾನ್ ಸುರುಳಿ ಸುತ್ತುತ್ತಾ ಬೆಳಕು ಚೆಲ್ಲುತ್ತದೆ. ಇದು ಸಿಂಕ್ರೊಟ್ರಾನ್ ಬೆಳಕು. ಭೂಮಿಯ ಮೇಲಿನ ವೇಗವರ್ಧಕಗಳಲ್ಲೂ ಇದನ್ನು ದಿನವೂ ನೋಡುತ್ತಾರೆ.

ಆಘಾತ ಅಲೆಯ ಒಳಗೆ ಎಲೆಕ್ಟ್ರಾನ್ ಹೇಗೆ ವೇಗ ಪಡೆಯುತ್ತದೆ, ಕಾಂತಕ್ಷೇತ್ರ ಹೇಗೆ ಹುಟ್ಟುತ್ತದೆ ಅನ್ನುವುದು ತುಂಬಾ ಜಟಿಲ. ಮಾದರಿ ಅದನ್ನೆಲ್ಲ ಮೂರು ಸಂಖ್ಯೆಗಳಲ್ಲಿ ಕಟ್ಟಿಡುತ್ತದೆ. ಆಘಾತದ ಶಕ್ತಿಯಲ್ಲಿ ಎಷ್ಟು ಪಾಲು ಎಲೆಕ್ಟ್ರಾನ್‌ಗಳಿಗೆ ಹೋಯಿತು? ಸಾಮಾನ್ಯವಾಗಿ ಹತ್ತರಲ್ಲಿ ಒಂದರ ಆಸುಪಾಸು. ಎಷ್ಟು ಪಾಲು ಕಾಂತಕ್ಷೇತ್ರಕ್ಕೆ? ಇದು ಸ್ಫೋಟದಿಂದ ಸ್ಫೋಟಕ್ಕೆ ಹತ್ತರಲ್ಲಿ ಒಂದರಿಂದ ಲಕ್ಷದಲ್ಲಿ ಒಂದರವರೆಗೂ ಹರಡಿದೆ. ಮೂರನೆಯದು, ಜಾಸ್ತಿ ಶಕ್ತಿಯ ಎಲೆಕ್ಟ್ರಾನ್‌ಗಳ ಎಣಿಕೆ ಎಷ್ಟು ಬೇಗ ಕಡಿಮೆಯಾಗುತ್ತದೆ ಅನ್ನುವ ಘಾತ. ಅದನ್ನು ‘ಪಿ’ ಅನ್ನುತ್ತಾರೆ. ಅದು ಬಹಳ ಸಲ 2ರಿಂದ 2.5ರ ನಡುವೆ ಬರುತ್ತದೆ. ಈ ಪಿ ಅನ್ನು ಮರೆಯಬೇಡಿ. ಮುಂದಿನ ಕಥೆಯೆಲ್ಲ ಅದರದ್ದೇ.

ಇವುಗಳಿಂದ ಬರುವ ವರ್ಣಪಟಲ ನಾಲ್ಕು ನೇರ ಗೆರೆಗಳನ್ನು ಜೋಡಿಸಿದಂತೆ ಇರುತ್ತದೆ, ನಡುವೆ ಮೂರು ಮೂಲೆಗಳು. ಕೆಳಗಿನ ಮೂಲೆ ರೇಡಿಯೊದಲ್ಲಿ ಇರುತ್ತದೆ. ಅದಕ್ಕಿಂತ ಕೆಳಗೆ ಬೆಳಕನ್ನು ಅನಿಲವೇ ಮತ್ತೆ ನುಂಗಿಬಿಡುತ್ತದೆ. ನಡುವಿನ ಮೂಲೆ, ಆಘಾತದಲ್ಲಿ ವೇಗ ಪಡೆದ ಎಲೆಕ್ಟ್ರಾನ್‌ಗಳಲ್ಲಿ ತೀರಾ ಕಡಿಮೆ ಶಕ್ತಿಯವು ಹೊಳೆಯುವ ಜಾಗ. ಅಲ್ಲೇ ಬೆಳಕು ಅತಿ ಹೆಚ್ಚು. ಮೇಲಿನ ಮೂಲೆಯಿಂದಾಚೆ ಇರುವುದು ತಮ್ಮ ಶಕ್ತಿಯನ್ನು ಬೇಗ ಬೇಗ ಖಾಲಿಮಾಡಿಕೊಳ್ಳುವ ಎಲೆಕ್ಟ್ರಾನ್‌ಗಳ ಬೆಳಕು. ಶಕ್ತಿ ಎರಡುಪಟ್ಟಾದರೆ ಎಲೆಕ್ಟ್ರಾನ್ ಬೆಳಕು ಚೆಲ್ಲುವ ದರ ನಾಲ್ಕುಪಟ್ಟಾಗುತ್ತದೆ, ಹಾಗಾಗಿ ಜೋರಾಗಿ ಇರುವವೇ ಮೊದಲು ತಣ್ಣಗಾಗುತ್ತವೆ.

ಜೆಟ್ ನಿಧಾನವಾದಂತೆ ಈ ಮೂಲೆಗಳೂ ಜಾರುತ್ತವೆ. ಅತಿ ಹೆಚ್ಚು ಹೊಳೆಯುವ ನಡುವಿನ ಮೂಲೆ ಬೇಗ ಕೆಳಕ್ಕೆ ಇಳಿಯುತ್ತದೆ. ಅದು ಕಣ್ಣಿಗೆ ಕಾಣುವ ಬೆಳಕನ್ನು ದಾಟುವುದು ನಿಮಿಷಗಳಲ್ಲೋ ಗಂಟೆಗಳಲ್ಲೋ. ರೇಡಿಯೊ ತಲುಪಲು ದಿನ, ವಾರ ಬೇಕು. ಹೀಗಾಗಿ ಒಂದೇ ಸ್ಫೋಟ ಕಣ್ಣಿನ ಬೆಳಕಿನಲ್ಲಿ ಆರುತ್ತಿರುವಾಗ ರೇಡಿಯೊದಲ್ಲಿ ಇನ್ನೂ ಏರುತ್ತಿರುತ್ತದೆ. ಈ ಇಡೀ ಚಿತ್ರವನ್ನು 1998ರಲ್ಲಿ ರೀಯೆಮ್ ಸಾರಿ, ತ್ಸ್ವಿ ಪಿರಾನ್ ಮತ್ತು ರಮೇಶ್ ನಾರಾಯಣ್ ಕೆಲವೇ ಪುಟಗಳಲ್ಲಿ ಬರೆದರು. ಇವತ್ತಿಗೂ ಈ ಕ್ಷೇತ್ರಕ್ಕೆ ಬರುವವರು ಮೊದಲು ಕಲಿಯುವುದು ಅದನ್ನೇ.

ಎರಡು ಇಳಿಜಾರು

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗಕ್ಕೆ ಬಂದೆವು. ಚುಕ್ಕೆಯ ಬಗ್ಗೆ ನಾವು ಅಳೆಯಬಹುದಾದದ್ದು ಎರಡು. ಸಮಯ ಕಳೆದಂತೆ ಅದು ಎಷ್ಟು ಬೇಗ ಮಂಕಾಗುತ್ತದೆ? ಮತ್ತು ಒಂದೇ ಹೊತ್ತಿನಲ್ಲಿ, ಫ್ರೀಕ್ವೆನ್ಸಿ ಏರಿದಂತೆ ಅದು ಎಷ್ಟು ಮಂಕಾಗಿ ಕಾಣುತ್ತದೆ? ಒಂದು ಸಮಯದ ಇಳಿಜಾರು, ಇನ್ನೊಂದು ಬಣ್ಣದ ಇಳಿಜಾರು. ಇಳಿಜಾರು ಅಂದರೆ ಇಲ್ಲಿ ಒಂದು ಘಾತ: ಅದು 1 ಆಗಿದ್ದರೆ ಸಮಯವೋ ಫ್ರೀಕ್ವೆನ್ಸಿಯೋ ಹತ್ತುಪಟ್ಟಾದಾಗ ಬೆಳಕು ಹತ್ತನೇ ಒಂದು ಪಾಲು, 2 ಆಗಿದ್ದರೆ ನೂರನೇ ಒಂದು ಪಾಲು. ಸುಮ್ನೆ ನೋಡಿದರೆ ಇವೆರಡಕ್ಕೂ ಸಂಬಂಧ ಇರಬೇಕಾಗಿಲ್ಲ. ಆದರೆ ಮಾದರಿ ಹೇಳುತ್ತದೆ: ಎರಡೂ ಬರುವುದು ಅದೇ ಎಲೆಕ್ಟ್ರಾನ್‌ಗಳಿಂದ, ಅದೇ ಪಿ ಇಂದ. ಹಾಗಾಗಿ ಒಂದು ಗೊತ್ತಾದರೆ ಇನ್ನೊಂದು ಗೊತ್ತಾಗಲೇಬೇಕು.

ಲೆಕ್ಕ ಮಾಡಿ ನೋಡೋಣ. ಪಿ 2.2 ಎಂದಿಟ್ಟುಕೊಳ್ಳಿ. ನಡುವಿನ ಮತ್ತು ಮೇಲಿನ ಮೂಲೆಗಳ ಮಧ್ಯೆ ಇದ್ದೇವೆ ಎಂದಿಟ್ಟುಕೊಳ್ಳಿ. ಆಗ ಫ್ರೀಕ್ವೆನ್ಸಿ ಹತ್ತುಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಸುತ್ತಲಿನ ಅನಿಲ ಎಲ್ಲೆಡೆ ಸಮವಾಗಿದ್ದರೆ, ಸಮಯದ ಇಳಿಜಾರು ಬಣ್ಣದ ಇಳಿಜಾರಿನ ಒಂದೂವರೆ ಪಟ್ಟು ಇರಬೇಕು. ಅಂದರೆ ನಾಲ್ಕರ ಒಂದೂವರೆ ಘಾತ, ಎಂಟು. ಒಂದನೇ ಗಂಟೆಯಿಂದ ಹತ್ತನೇ ಗಂಟೆಗೆ ಬರುವಾಗ ಬೆಳಕು ಎಂಟನೇ ಒಂದು ಪಾಲು ಉಳಿಯಬೇಕು. ಹತ್ತನೇ ಗಂಟೆಯಿಂದ ನೂರನೇ ಗಂಟೆಗೆ ಮತ್ತೆ ಎಂಟನೇ ಒಂದು. ಅಳೆದು ನೋಡಿ. ಹಾಗೇ ಇದ್ದರೆ, ಚುಕ್ಕೆಯ ಸುತ್ತಲಿನ ಅನಿಲ ಸಮವಾಗಿ ಹರಡಿದೆ ಎಂದು ಕೋಟಿ ಕೋಟಿ ಜ್ಯೋತಿರ್ವರ್ಷ ದೂರದಿಂದ ಹೇಳಿದಂತಾಯಿತು.

ಎಂಟರ ಬದಲು ಇಪ್ಪತ್ತೈದನೇ ಒಂದು ಪಾಲಿಗೆ ಇಳಿದರೆ? ಆಗಲೂ ಮಾದರಿಗೆ ಉತ್ತರ ಇದೆ. ದೊಡ್ಡ ನಕ್ಷತ್ರಗಳು ಸಾಯುವ ಮೊದಲು ಲಕ್ಷಾಂತರ ವರ್ಷ ತಮ್ಮ ಮೈಯಿಂದ ಗಾಳಿ ಬೀಸುತ್ತಿರುತ್ತವೆ. ಆ ಗಾಳಿ ನಕ್ಷತ್ರದ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಜೆಟ್ ಅಂಥ ಗಾಳಿಯಲ್ಲಿ ಓಡಿದರೆ ಮುಂದೆ ಮುಂದೆ ಗುಡಿಸಲು ಸಿಗುವುದು ಕಡಿಮೆ, ಬೆಳಕೂ ಬೇಗ ಇಳಿಯುತ್ತದೆ. ಎಂಟೋ ಇಪ್ಪತ್ತೈದೋ ಅನ್ನುವ ವ್ಯತ್ಯಾಸದಲ್ಲಿ, ಆಗಲೇ ಇಲ್ಲವಾಗಿರುವ ಒಂದು ನಕ್ಷತ್ರದ ಕೊನೆಯ ದಿನಗಳ ಉಸಿರು ಇದೆ. ನನಗೆ ಇದನ್ನು ಓದಿದ ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

ಒಂದು ಎಚ್ಚರಿಕೆ. ಎಕ್ಸ್‌-ಕಿರಣ ಬಹಳ ಸಲ ಮೇಲಿನ ಮೂಲೆಯಿಂದಾಚೆ ಇರುತ್ತದೆ. ಅಲ್ಲಿ ಅನಿಲ ಸಮವಾಗಿದ್ದರೂ ಗಾಳಿಯಾಗಿದ್ದರೂ ಸಮಯದ ಇಳಿಜಾರು ಒಂದೇ ಆಗಿಬಿಡುತ್ತದೆ. ಅಲ್ಲಿಂದ ಸುತ್ತಲಿನ ಅನಿಲ ಹೇಗೆ ಹರಡಿದೆ ಅಂತ ಹೇಳಲು ಆಗುವುದಿಲ್ಲ. ಕಣ್ಣಿನ ಬೆಳಕು, ರೇಡಿಯೊ ಎರಡನ್ನೂ ಅಳೆಯಲು ಇಷ್ಟು ಒದ್ದಾಡುವುದು ಇದಕ್ಕೇ.

ಇನ್ನು ಜೆಟ್‌ನ ಅಗಲ. ವೇಗವಾಗಿ ಓಡುವ ಮೂಲ ತನ್ನ ಬೆಳಕನ್ನು ಮುಂದಕ್ಕೆ, ಕಿರಿದಾದ ಶಂಕುವಿನಲ್ಲಿ ಚೆಲ್ಲುತ್ತದೆ. ಲೊರೆಂಟ್ಸ್ ಅಂಶ 100 ಇದ್ದಾಗ ಆ ಶಂಕು, ನಡುವಿನಿಂದ ಅಂಚಿಗೆ ಅಳೆದರೆ, ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಶುರುವಿನಲ್ಲಿ ನಾವು ನೋಡುವುದು ಜೆಟ್‌ನ ನಮ್ಮ ಎದುರಿನ ಒಂದು ಸಣ್ಣ ಭಾಗವನ್ನು. ಜೆಟ್‌ಗೆ ಅಂಚು ಇದೆ ಅನ್ನುವುದೇ ನಮಗೆ ಗೊತ್ತಾಗುವುದಿಲ್ಲ. ನಿಧಾನವಾದಂತೆ ಶಂಕು ಅಗಲವಾಗುತ್ತದೆ, ಇನ್ನಷ್ಟು ಜೆಟ್ ಕಾಣುತ್ತದೆ. ಲೊರೆಂಟ್ಸ್ ಅಂಶ 10ಕ್ಕೆ ಬಂದಾಗ ಶಂಕು ಸುಮಾರು 6 ಡಿಗ್ರಿ. ಜೆಟ್ ಕೂಡ ಅಷ್ಟೇ ಅಗಲ ಇದ್ದರೆ, ಇನ್ನು ಮುಂದೆ ಹೊಸದಾಗಿ ಕಾಣಲು ಏನೂ ಉಳಿದಿಲ್ಲ. ಆಗ ಬೆಳಕು ದಡಬಡ ಇಳಿಯತೊಡಗುತ್ತದೆ. ಹತ್ತುಪಟ್ಟು ಸಮಯಕ್ಕೆ ಎಂಟನೇ ಒಂದು ಪಾಲಾಗುತ್ತಿದ್ದದ್ದು ಈಗ ನೂರ ಅರವತ್ತನೇ ಒಂದು ಪಾಲಿನ ಹತ್ತಿರಕ್ಕೆ ಹೋಗುತ್ತದೆ. ಈ ತಿರುವು ಎಲ್ಲ ಬಣ್ಣಗಳಲ್ಲೂ ಒಂದೇ ಹೊತ್ತಿಗೆ ಆಗಬೇಕು, ಯಾಕೆಂದರೆ ಕಾರಣ ಎಲೆಕ್ಟ್ರಾನ್ ಅಲ್ಲ, ಜೆಟ್‌ನ ಆಕಾರ.

1999ರ ಜನವರಿ 23ರ ಸ್ಫೋಟದಲ್ಲಿ ಇದರ ಬೆಲೆ ತಿಳಿಯಿತು. ಅದರ ಬೆಳಕು ಎಲ್ಲ ದಿಕ್ಕಿಗೂ ಸಮವಾಗಿ ಹೊರಟಿದೆ ಎಂದು ಲೆಕ್ಕ ಹಾಕಿದರೆ, ಇಡೀ ಸೂರ್ಯನ ದ್ರವ್ಯವನ್ನೇ ಶಕ್ತಿಯಾಗಿ ಬದಲಾಯಿಸಿದರೂ ಸಾಲುತ್ತಿರಲಿಲ್ಲ. ಅದು ನಂಬುವಂಥದ್ದಲ್ಲ. ಆದರೆ ಸುಮಾರು ಎರಡನೇ ದಿನ ಬೆಳಕಿನ ಗೆರೆ, ಅಂದರೆ ಸಮಯ ಕಳೆದಂತೆ ಬೆಳಕು ಹೇಗೆ ಬದಲಾಯಿತು ಎಂದು ತೋರಿಸುವ ಗೆರೆ, ತಿರುವು ತೆಗೆದುಕೊಂಡಿತು. ಅಂದರೆ ಅದು ಕಿರಿದಾದ ಜೆಟ್. 6 ಡಿಗ್ರಿಯ ಎರಡು ಜೆಟ್‌ಗಳು ಆಕಾಶದ ಇನ್ನೂರನೇ ಒಂದು ಪಾಲನ್ನು ಮಾತ್ರ ತುಂಬುತ್ತವೆ, ಹಾಗಾಗಿ ಬೇಕಾದ ಶಕ್ತಿಯೂ ಇನ್ನೂರನೇ ಒಂದು ಪಾಲು. ಹೀಗೆ ಸರಿಪಡಿಸಿದ ಮೇಲೆ ಹಲವು ಸ್ಫೋಟಗಳ ಶಕ್ತಿ, ಸೂರ್ಯ ತನ್ನ ಸಾವಿರ ಕೋಟಿ ವರ್ಷದ ಆಯಸ್ಸಿನಲ್ಲಿ ಚೆಲ್ಲುವ ಒಟ್ಟು ಬೆಳಕಿನ ಆಸುಪಾಸಿಗೆ ಬರುತ್ತದೆ. ಇದೂ ಸಣ್ಣದಲ್ಲ. ಆದರೆ ಕುಸಿಯುವ ನಕ್ಷತ್ರ ಇದನ್ನು ಕೊಡಬಲ್ಲದು. ಇನ್ನೊಂದು ಮಾತೂ ಇದರ ಜೊತೆಗೇ ಬರುತ್ತದೆ: ನಮಗೆ ಕಾಣುವ ಪ್ರತಿ ಸ್ಫೋಟಕ್ಕೆ, ಬೇರೆ ಕಡೆ ಮುಖ ಮಾಡಿದ ನೂರಾರು ಸ್ಫೋಟಗಳು ನಮಗೆ ಕಾಣದೆ ಹೋಗುತ್ತಿವೆ.

ಲೆಕ್ಕ ತಿರುಗಿಸುವ ಕಷ್ಟ

ಶಕ್ತಿ, ಅನಿಲ, ಎರಡು ಪಾಲುಗಳು, ಪಿ, ಜೆಟ್‌ನ ಅಗಲ, ನಾವು ನೋಡುವ ಕೋನ. ಇಷ್ಟು ಕೊಟ್ಟರೆ ಕಂಪ್ಯೂಟರ್ ಬೆಳಕಿನ ಗೆರೆಯನ್ನು ಬಿಡಿಸುತ್ತದೆ. ನಮಗೆ ಬೇಕಾಗಿರುವುದು ತಿರುಗಾಮುರುಗ. ಬೆಳಕಿನ ಗೆರೆ ಕೈಯಲ್ಲಿದೆ, ಸಂಖ್ಯೆಗಳು ಬೇಕು. ಅದಕ್ಕೆ ಲಕ್ಷಾಂತರ ಸಲ ಬೇರೆ ಬೇರೆ ಸಂಖ್ಯೆಗಳನ್ನು ಹಾಕಿ, ಯಾವುವು ಅಳತೆಗೆ ಹೊಂದುತ್ತವೆ ಎಂದು ಹುಡುಕುತ್ತಾರೆ. ಪ್ರತಿ ಸಲವೂ ಜೆಟ್‌ನ ಪೂರ್ತಿ ದ್ರವ ಚಲನೆಯನ್ನು ಲೆಕ್ಕ ಹಾಕಲು ಕೂತರೆ ಜನ್ಮ ಸಾಲದು. ಬಾಕ್ಸ್‌ಫಿಟ್ ಅನ್ನುವ ಪ್ರೋಗ್ರಾಂ ಒಂದು ಜಾಣತನ ಮಾಡಿತು: ಕೆಲವು ಜೆಟ್‌ಗಳನ್ನು ಮೊದಲೇ ಪೂರ್ತಿ ಲೆಕ್ಕ ಹಾಕಿಟ್ಟು, ಶಕ್ತಿ ಮತ್ತು ಸಾಂದ್ರತೆ ಬದಲಾದಾಗ ಅವನ್ನೇ ಹಿಗ್ಗಿಸಿ ಕುಗ್ಗಿಸಿ ಬಳಸಿತು. ಆಫ್ಟರ್‌ಗ್ಲೋಪೈ ಅನ್ನುವ ಇನ್ನೊಂದು, ದ್ರವ ಚಲನೆಯನ್ನು ಸರಳ ಮಾಡಿಕೊಂಡು ಬೇಗ ಉತ್ತರ ಕೊಡುತ್ತದೆ. ಇದು ಉಚಿತವಾಗಿ ಸಿಗುತ್ತದೆ, ಸ್ವಲ್ಪ ಪೈಥಾನ್ ಗೊತ್ತಿರುವ ಯಾರು ಬೇಕಾದರೂ ಆಡಿಸಿ ನೋಡಬಹುದು. ಒಂದು ಸಂಖ್ಯೆ ಬದಲಿಸಿ ಗೆರೆ ಹೇಗೆ ಬಾಗುತ್ತದೆ ನೋಡುವುದು ಹತ್ತು ಪುಟ ಓದಿದ್ದಕ್ಕಿಂತ ಜಾಸ್ತಿ ಕಲಿಸುತ್ತದೆ.

ಆದರೆ ಒಂದು ಸತ್ಯವನ್ನು ಮುಚ್ಚಿಡಬಾರದು. ಬೇರೆ ಬೇರೆ ಸಂಖ್ಯೆಗಳ ಗುಂಪು ಒಂದೇ ಗೆರೆಯನ್ನು ಕೊಡಬಲ್ಲದು. ವರ್ಣಪಟಲದಲ್ಲಿ ಮೂರು ಮೂಲೆ, ಒಂದು ಎತ್ತರ ಇದೆ. ಬೇಕಾದ ಮುಖ್ಯ ಸಂಖ್ಯೆಗಳೂ ನಾಲ್ಕು: ಶಕ್ತಿ, ಸಾಂದ್ರತೆ, ಎರಡು ಪಾಲು. ನಾಲ್ಕಕ್ಕೆ ನಾಲ್ಕು, ಸರಿಹೋಯಿತು. ಆದರೆ ರೇಡಿಯೊ ಅಳತೆ ಇಲ್ಲದಿದ್ದರೆ ಕೆಳಗಿನ ಮೂಲೆ ಸಿಗುವುದಿಲ್ಲ. ಆಗ ನಾಲ್ಕಕ್ಕೆ ಮೂರು. ಸಾಂದ್ರತೆ ಕಡಿಮೆ, ಕಾಂತಕ್ಷೇತ್ರ ಜಾಸ್ತಿ ಎಂದರೂ ಹೊಂದುತ್ತದೆ, ತದ್ವಿರುದ್ಧ ಹೇಳಿದರೂ ಹೊಂದುತ್ತದೆ. ಎಲ್ಲ ಇದ್ದರೂ ಇನ್ನೊಂದು ಗಂಟು ಉಳಿಯುತ್ತದೆ. ಆಘಾತದಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ ವೇಗ ಪಡೆದವು ಎಂದು ನಾವು ಅಂದುಕೊಂಡಿದ್ದೇವೆ. ಹತ್ತರಲ್ಲಿ ಒಂದು ಮಾತ್ರ ಪಡೆದಿದ್ದರೆ? ಡೇವಿಡ್ ಐಷ್ಲರ್ ಮತ್ತು ಎಲಿ ವ್ಯಾಕ್ಸ್‌ಮನ್ 2005ರಲ್ಲಿ ತೋರಿಸಿದಂತೆ, ಆಗ ಶಕ್ತಿ ಮತ್ತು ಸಾಂದ್ರತೆ ಎರಡನ್ನೂ ಹತ್ತುಪಟ್ಟು ಏರಿಸಿ, ಎರಡು ಪಾಲುಗಳನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಬೆಳಕಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಯಾರಾದರೂ ಒಂದು ಸ್ಫೋಟದ ಶಕ್ತಿ ಇಷ್ಟೇ ಎಂದು ಹೇಳಿದರೆ, ಯಾವ ಯಾವ ಊಹೆ ಮಾಡಿದ್ದೀರಿ ಎಂದು ಕೇಳುವ ಹಕ್ಕು ಓದುಗರಿಗೆ ಇದೆ.

ಮಾದರಿ ಎಡವಿದ ಜಾಗಗಳೂ ಇವೆ. 2004ರ ನವೆಂಬರ್‌ನಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ ಸ್ಫೋಟವಾದ ಒಂದೆರಡು ನಿಮಿಷದಲ್ಲೇ ತಿರುಗಿ ಎಕ್ಸ್‌-ಕಿರಣ ನೋಡತೊಡಗಿತು. ಒಂದೇ ಇಳಿಜಾರು ಇರುತ್ತದೆ ಎಂದು ಕಾದಿದ್ದವರಿಗೆ ಕಂಡದ್ದು ಬೇರೆ. ಮೊದಲು ಕಡಿದಾದ ಇಳಿತ, ಆಮೇಲೆ ಗಂಟೆಗಟ್ಟಲೆ ಹೆಚ್ಚುಕಡಿಮೆ ಸಮತಟ್ಟು, ಅದಾದ ಮೇಲೆ ಮಾದರಿ ಹೇಳಿದ ಇಳಿಜಾರು. ಕಡಿದಾದ ಇಳಿತ ಮೊದಲ ಹೊಡೆತದ ಬಾಲ ಎಂದು ಬೇಗ ಅರ್ಥವಾಯಿತು. ಸಮತಟ್ಟು ಮಾತ್ರ ಇನ್ನೂ ಚರ್ಚೆಯಲ್ಲಿದೆ. ನಡುವಿನ ನ್ಯೂಟ್ರಾನ್ ತಾರೆ ಸುತ್ತುತ್ತಾ ಇನ್ನೂ ಶಕ್ತಿ ತುಂಬುತ್ತಿದೆ ಎನ್ನುವವರಿದ್ದಾರೆ. ಜೆಟ್ಟನ್ನು ಸ್ವಲ್ಪ ಓರೆಯಾಗಿ ನೋಡಿದರೆ ಹೀಗೆ ಕಾಣುತ್ತದೆ ಎನ್ನುವವರೂ ಇದ್ದಾರೆ.

2022ರ ಅಕ್ಟೋಬರ್ 9ರ ಸ್ಫೋಟ ಇನ್ನೂ ಕಠಿಣ ಪರೀಕ್ಷೆ. ಇದುವರೆಗೆ ಕಂಡ ಗಾಮಾ ಸ್ಫೋಟಗಳಲ್ಲೇ ಅತಿ ಪ್ರಕಾಶದ್ದು ಅದು. ಚೀನಾದ ಎತ್ತರದ ಬೆಟ್ಟದ ಮೇಲಿನ ಲಾಸೊ ವೀಕ್ಷಣಾಲಯ ಮೊದಲ 3000 ಸೆಕೆಂಡಿನಲ್ಲಿ ಅದರಿಂದ 64,000ಕ್ಕೂ ಜಾಸ್ತಿ ಅತಿ ಶಕ್ತಿಯ ಗಾಮಾ ಕಣಗಳನ್ನು ಎಣಿಸಿತು. ಎಲೆಕ್ಟ್ರಾನ್‌ಗಳು ತಾವೇ ಚೆಲ್ಲಿದ ಬೆಳಕಿಗೆ ಮತ್ತೆ ಗುದ್ದಿ ಅದರ ಶಕ್ತಿಯನ್ನು ಏರಿಸಿದಾಗ ಇಂಥವು ಬರುತ್ತವೆ. ಈ ಬೆಳಕಿನ ಗೆರೆ ಸುಮಾರು 670 ಸೆಕೆಂಡಿನಲ್ಲೇ ತಿರುವು ತೆಗೆದುಕೊಂಡಿತು. ಅದು ಹೇಳುವುದು ಒಂದು ಡಿಗ್ರಿಗೂ ಕಡಿಮೆಯ ತೀರಾ ಕಿರಿದಾದ ಜೆಟ್. ಆದರೆ ಎಕ್ಸ್‌-ಕಿರಣ ಆಮೇಲೆ ಎಷ್ಟೋ ದಿನ ನಿಧಾನವಾಗಿಯೇ ಇಳಿಯಿತು, ಕಿರಿದಾದ ಜೆಟ್ ಇಳಿಯಬೇಕಾದ ಹಾಗೆ ಅಲ್ಲ. ಎರಡನ್ನೂ ಒಟ್ಟಿಗೆ ಹೊಂದಿಸಬೇಕಾದರೆ ಜೆಟ್‌ಗೆ ಚೂಪಾದ ಅಂಚು ಇದೆ ಅನ್ನುವ ಊಹೆಯನ್ನು ಬಿಡಬೇಕು. ನಡುವೆ ಜೋರಾದ ತಿರುಳು, ಸುತ್ತ ಮೆಲ್ಲಗೆ ತೆಳುವಾಗುತ್ತಾ ಹೋಗುವ ರೆಕ್ಕೆಗಳು.

ಅಂಥ ರೆಕ್ಕೆಗಳನ್ನು ನಾವು ಅದಕ್ಕಿಂತ ಮೊದಲೇ ಒಂದು ಸಲ ನೋಡಿದ್ದೆವು.

ಪಕ್ಕದಿಂದ ನೋಡಿದ ಜೆಟ್

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದ ಗುರುತ್ವ ಅಲೆಗಳು ಭೂಮಿಗೆ ಬಂದವು. 1.7 ಸೆಕೆಂಡ್ ಬಿಟ್ಟು ಒಂದು ಸಣ್ಣ ಗಾಮಾ ಹೊಡೆತವೂ ಬಂತು. ಜಾಗ 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗ್ಯಾಲಕ್ಸಿ. ಅಷ್ಟು ಹತ್ತಿರದ ಸ್ಫೋಟಕ್ಕೆ ಆ ಹೊಡೆತ ತೀರಾ ದುರ್ಬಲ. ಉಳಿಬೆಳಕಂತೂ ಶುರುವಿನಲ್ಲಿ ಇರಲೇ ಇಲ್ಲ. ಎಕ್ಸ್‌-ಕಿರಣದಲ್ಲಿ ಕಂಡದ್ದು 9ನೇ ದಿನ, ರೇಡಿಯೊದಲ್ಲಿ 16ನೇ ದಿನ. ಆಮೇಲೆ ಅದು ಇಳಿಯಲಿಲ್ಲ, ಏರಿತು. ವಾರಗಳಲ್ಲ, ತಿಂಗಳುಗಟ್ಟಲೆ ಏರಿತು.

ಜೆಟ್ ನಮ್ಮ ಕಡೆ ಮುಖ ಮಾಡಿಲ್ಲದಿದ್ದರೆ ಆಗಬೇಕಾದದ್ದು ಇದೇ. ಶುರುವಿನಲ್ಲಿ ತಿರುಳಿನ ಬೆಳಕು ತನ್ನ ಕಿರಿದಾದ ಶಂಕುವಿನಲ್ಲಿ ಬೇರೆ ಕಡೆ ಹೋಗುತ್ತಿದೆ. ನಮಗೆ ಕಾಣುವುದು ನಮ್ಮ ಕಡೆಯ ಮಂಕಾದ ರೆಕ್ಕೆ ಮಾತ್ರ. ನಿಧಾನವಾದಂತೆ ಶಂಕು ಅಗಲವಾಗಿ, ಒಳಗಿನ ಹೊಳಪಿನ ಭಾಗಗಳು ಒಂದೊಂದಾಗಿ ನಮ್ಮ ಕಣ್ಣಿಗೆ ಬೀಳುತ್ತವೆ. ಬೆಳಕು ಏರುತ್ತದೆ. ಆದರೆ ಈ ಏರಿಕೆಗೆ ಇನ್ನೊಂದು ವಿವರಣೆಯೂ ಇತ್ತು: ಜೆಟ್ ಹೊರಗೆ ಬರಲೇ ಇಲ್ಲ, ಸುತ್ತಲಿನ ಪದಾರ್ಥದಲ್ಲಿ ಸಿಕ್ಕಿಬಿದ್ದು ಎಲ್ಲ ಕಡೆ ಹಿಗ್ಗುವ ಬಿಸಿ ಗುಳ್ಳೆಯಾಯಿತು. ಏರುವ ಗೆರೆ ಎರಡಕ್ಕೂ ಹೊಂದುತ್ತಿತ್ತು. ತಿಂಗಳುಗಳ ಕಾಲ ಈ ಜಗಳ ನಡೆಯಿತು.

ಸುಮಾರು 155ನೇ ದಿನ ಬೆಳಕು ತುದಿ ಮುಟ್ಟಿತು. ಆಮೇಲೆ ಬೇಗ ಇಳಿಯತೊಡಗಿತು. ಅದೇ ಹೊತ್ತಿಗೆ ಖಂಡಗಳಾಚೆಯ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ, 75ನೇ ದಿನ ಮತ್ತು 230ನೇ ದಿನದ ನಡುವೆ ಆ ಚುಕ್ಕೆ ಆಕಾಶದಲ್ಲಿ ಎಷ್ಟು ಸರಿಯಿತು ಎಂದು ಅಳೆದರು. ಅದು ಬೆಳಕಿನ ನಾಲ್ಕುಪಟ್ಟು ವೇಗದಲ್ಲಿ ಸರಿದಂತೆ ಕಂಡಿತು. ನಿಜಕ್ಕೂ ಬೆಳಕಿಗಿಂತ ವೇಗ ಅಲ್ಲ. ತನ್ನದೇ ಬೆಳಕಿನ ಬೆನ್ನು ಹತ್ತಿ ಓಡುವ ಜೆಟ್‌ನಲ್ಲಿ ಸಮಯ ಕುಗ್ಗುತ್ತದೆ ಎಂದು ಆಗಲೇ ನೋಡಿದೆವಲ್ಲ, ಅದರದ್ದೇ ಪರಿಣಾಮ. ಬಿಸಿ ಗುಳ್ಳೆ ಹೀಗೆ ಸರಿಯಲಾರದು. ಕಿರಿದಾದ ಜೆಟ್ ಮಾತ್ರ ಸರಿಯಬಲ್ಲದು, ಅದೂ ನಮ್ಮ ನೋಟಕ್ಕೆ ಸುಮಾರು 20 ಡಿಗ್ರಿ ಓರೆಯಾಗಿ.

ಇನ್ನು ಆ ಎರಡು ಇಳಿಜಾರು. ಈ ಉಳಿಬೆಳಕಿನ ಬಣ್ಣದ ಇಳಿಜಾರು ರೇಡಿಯೊದಿಂದ ಎಕ್ಸ್‌-ಕಿರಣದವರೆಗೆ ಒಂದೇ ನೇರ ಗೆರೆ. ಫ್ರೀಕ್ವೆನ್ಸಿ ಕೋಟ್ಯಂತರ ಪಟ್ಟು ಬದಲಾದರೂ ಮೂಲೆಯೇ ಇಲ್ಲ. ಪುಣೆಯ ಬಳಿಯ ಜಿಎಂಆರ್‌ಟಿ ಕೆಳಗಿನ ರೇಡಿಯೊ ತುದಿಯಲ್ಲಿ ಅಳೆದದ್ದೂ, ಬಾಹ್ಯಾಕಾಶದ ಚಂದ್ರಾ ದೂರದರ್ಶಕ ಎಕ್ಸ್‌-ಕಿರಣದಲ್ಲಿ ಅಳೆದದ್ದೂ ಅದೇ ಗೆರೆಯ ಮೇಲೆ ಕೂತವು. ಆ ಗೆರೆಯಿಂದ ಬಂದ ಪಿ 2.17. ಜೆಟ್‌ನ ಅಂಚು ಕಂಡ ಮೇಲೆ ಸಮಯದ ಇಳಿಜಾರು ಹೆಚ್ಚುಕಡಿಮೆ ಪಿ ಅಷ್ಟೇ ಇರಬೇಕು ಎಂದು ಮಾದರಿ ಹೇಳುತ್ತದೆ. ತುದಿ ದಾಟಿದ ಮೇಲೆ ಆ ಚುಕ್ಕೆ ಇಳಿದ ಇಳಿಜಾರನ್ನು ಅಳೆದರು. ಅದು 2ರ ಆಸುಪಾಸಿನಲ್ಲೇ ಇತ್ತು.